ಮಹಾಪಧಮನಿ ಬುಡದ ಬದಲಿಜೋಡಣೆಯಲ್ಲಿ ರಕ್ತಸ್ರಾವ ತಡೆ

ಮಹಾಪಧಮನಿ ಬುಡದ ಬದಲಿಜೋಡಣೆ ಎಂಬುದು ಹೃದಯದಿಂದ ಹೊರಡುವ ಮಹಾಪಧಮನಿಯ ಮೊದಲ ಭಾಗವನ್ನು ಕತ್ತರಿಸಿ ತೆಗೆದು, ಆ ಸ್ಥಳದಲ್ಲಿ ಕೃತಕ ನಾಳವೊಂದನ್ನು ಹೊಲಿದು ಕೂರಿಸುವ ತೆರೆದ ಹೃದಯದ ಶಸ್ತ್ರಚಿಕಿತ್ಸೆ. ಹೆಚ್ಚಿನ ಸಂದರ್ಭಗಳಲ್ಲಿ ಮಹಾಪಧಮನಿಯ ಕವಾಟವನ್ನೂ ಜೊತೆಗೇ ಬದಲಿಸಲಾಗುತ್ತದೆ. ಈ ರೂಪಕ್ಕೆ ಬೆಂಟಾಲ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಇದರ ಅತಿ ದೊಡ್ಡ ಅಪಾಯಗಳಲ್ಲಿ ಹೊಲಿಗೆಯ ಸಾಲುಗಳಿಂದಾಗುವ ರಕ್ತಸ್ರಾವವೂ ಒಂದು. ಈ ಶಸ್ತ್ರಚಿಕಿತ್ಸೆಯ ವಿಧಾನಗಳು 1968ರಿಂದ ಈಚೆಗೆ ಕಂಡಿರುವ ಬದಲಾವಣೆಗಳಲ್ಲಿ ಬಹುಪಾಲು ರಕ್ತ ಸೋರದಂತೆ ಮಾಡುವ ಪ್ರಯತ್ನದಿಂದಲೇ ಹುಟ್ಟಿದವು.

ರಚನೆ

ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಡುವ ಜಾಗದ ಕೆಲವೇ ಸೆಂಟಿಮೀಟರ್ ಉದ್ದದ ಭಾಗವೇ ಅದರ ಬುಡ. ಕೆಳಗೆ ಕವಾಟವು ಅಂಟಿಕೊಂಡಿರುವ ಉಂಗುರ, ಮೇಲೆ ನಾಳವು ಮತ್ತೆ ಕೊಳವೆಯಾಕಾರ ಪಡೆಯುವ ಸಂಧಿ, ಇವೆರಡರ ನಡುವೆ ಹೊರಕ್ಕೆ ಉಬ್ಬಿದ ಮೂರು ಬಟ್ಟಲುಗಳು. ಇಟಲಿಯ ಅಂಗರಚನಾಶಾಸ್ತ್ರಜ್ಞ ಆಂಟೊನಿಯೊ ಮಾರಿಯಾ ವಲ್ಸಾಲ್ವನ (1666–1723) ನೆನಪಿಗೆ ಈ ಬಟ್ಟಲುಗಳನ್ನು ವಲ್ಸಾಲ್ವ ಕುಹರಗಳು ಎನ್ನಲಾಗುತ್ತದೆ. ಇವುಗಳಲ್ಲಿ ಎರಡರಿಂದ ಹೃದಯಕ್ಕೇ ರಕ್ತ ಒದಗಿಸುವ ಎಡ ಮತ್ತು ಬಲ ಕರೊನರಿ ಅಪಧಮನಿಗಳು ಕವಲೊಡೆಯುತ್ತವೆ. ಮೂರನೆಯದರಿಂದ ಯಾವ ಕವಲೂ ಹೊರಡುವುದಿಲ್ಲ.

ರಕ್ತಸ್ರಾವದ ಸಮಸ್ಯೆಯನ್ನು ಅರಿಯಲು ಬುಡದ ನೆರೆಹೊರೆಯನ್ನು ಗಮನಿಸಬೇಕು. ಅದರ ಮುಂದೆ ಬಲ ಹೃತ್ಕುಕ್ಷಿಯ ಹೊರದಾರಿ ಹಾಗೂ ಶ್ವಾಸಕೋಶದ ಅಪಧಮನಿ, ಹಿಂದೆ ಹೃತ್ಕರ್ಣಗಳು, ಕೆಳಗೆ ಮೈಟ್ರಲ್ ಕವಾಟದ ಮುಂದಳ ಇವೆ. ಹೃದಯದ ನಟ್ಟನಡುವೆ ಹುದುಗಿರುವ ಈ ಭಾಗದ ಹಿಂಬದಿ ಕಣ್ಣಿಗೆ ಬೀಳುವುದು ಮಹಾಪಧಮನಿಯನ್ನು ಕತ್ತರಿಸಿ ತೆರೆದಿರುವಾಗ ಮಾತ್ರ. ಹೊಸ ನಾಳವನ್ನು ಹೊಲಿದು, ಹೃದಯ ತುಂಬಿ ಬಡಿಯತೊಡಗಿದ ಮೇಲೆ ಹಿಂಬದಿಯ ಹೊಲಿಗೆಗಳತ್ತ ಕೈ ಹೋಗುವುದೇ ಕಷ್ಟ. ಇಣುಕಿ ನೋಡಲೆಂದು ನಾಳವನ್ನು ಪಕ್ಕಕ್ಕೆ ಎಳೆದರೆ ಹೊಲಿಗೆಯೇ ಹರಿಯಬಹುದು. ವಯಸ್ಕರಲ್ಲಿ ವಿಶ್ರಾಂತಿಯ ಸ್ಥಿತಿಯಲ್ಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ದಾರಿಯಾಗಿ ಸಾಗುತ್ತದೆ. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಇಲ್ಲಿನ ಸಣ್ಣ ಸೋರಿಕೆಯೂ ಸಣ್ಣದಾಗಿ ಉಳಿಯುವುದಿಲ್ಲ.

ಯಾರಿಗೆ ಬೇಕಾಗುತ್ತದೆ

ಬುಡದ ಗೋಡೆ ದುರ್ಬಲಗೊಂಡು ಬಲೂನಿನಂತೆ ಉಬ್ಬುವುದು ಮುಖ್ಯ ಕಾರಣ. ಮಾರ್ಫಾನ್ ಸಿಂಡ್ರೋಮ್‌ನಂತಹ ಆನುವಂಶಿಕ ರೋಗಗಳಿರುವವರಲ್ಲಿ ಮತ್ತು ಹುಟ್ಟಿನಿಂದಲೇ ಕವಾಟಕ್ಕೆ ಮೂರರ ಬದಲು ಎರಡೇ ದಳಗಳಿರುವವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಉಬ್ಬಿನ ವ್ಯಾಸ 5.5 ಸೆಂ.ಮೀ. ತಲುಪಿದಾಗ ಶಸ್ತ್ರಚಿಕಿತ್ಸೆಗೆ ಸಲಹೆ ನೀಡಲಾಗುತ್ತದೆ. ಮಾರ್ಫಾನ್ ರೋಗಿಗಳಲ್ಲಿ 5 ಸೆಂ.ಮೀ.ಗೇ, ಕುಟುಂಬದಲ್ಲಿ ಮಹಾಪಧಮನಿ ಸೀಳಿದ ಚರಿತ್ರೆಯಂತಹ ಹೆಚ್ಚುವರಿ ಅಪಾಯವಿದ್ದರೆ ಅದಕ್ಕೂ ಮೊದಲೇ ನಿರ್ಧರಿಸುವುದುಂಟು. ಮಹಾಪಧಮನಿಯ ಗೋಡೆಯ ಪದರಗಳು ಸೀಳಿಕೊಂಡಾಗ ಇದು ತುರ್ತು ಶಸ್ತ್ರಚಿಕಿತ್ಸೆಯಾಗುತ್ತದೆ. ಕವಾಟದ ಸೋಂಕು ಬುಡಕ್ಕೆ ಹರಡಿ ಕೀವುಗಟ್ಟಿದಾಗಲೂ ಬುಡವನ್ನು ಬದಲಿಸಬೇಕಾಗಬಹುದು. ಕೊನೆಯ ಎರಡು ಸಂದರ್ಭಗಳಲ್ಲಿ ಅಂಗಾಂಶವು ನೆನೆದ ಕಾಗದದಂತೆ ಮೆತ್ತಗಾಗಿದ್ದು ದಾರ ನಿಲ್ಲುವುದೇ ಕಷ್ಟ. ರಕ್ತಸ್ರಾವ ಅತಿ ಹೆಚ್ಚಾಗಿ ಕಾಡುವುದು ಇಂತಹ ರೋಗಿಗಳಲ್ಲಿ ಮತ್ತು ಹಿಂದೆ ಒಮ್ಮೆ ಎದೆ ತೆರೆಸಿಕೊಂಡವರಲ್ಲಿ.

ರಕ್ತಸ್ರಾವಕ್ಕೆ ಎರಡು ಮೂಲಗಳು

ಮೊದಲನೆಯದು ಹೊಲಿಗೆ. ಬುಡದ ಬದಲಿಜೋಡಣೆಯಲ್ಲಿ ಕನಿಷ್ಠ ನಾಲ್ಕು ಕಡೆ ಹೊಲಿಗೆಯ ಸಾಲು ಬರುತ್ತದೆ: ಕೆಳಗೆ ಉಂಗುರದ ಸುತ್ತ, ಎರಡು ಕರೊನರಿ ಅಪಧಮನಿಗಳ ಬಾಯಿಗಳ ಸುತ್ತ, ಮೇಲೆ ಉಳಿದ ಮಹಾಪಧಮನಿಯ ಅಂಚಿನ ಸುತ್ತ. ಸೂಜಿಯು ದಾರಕ್ಕಿಂತ ದಪ್ಪವಾಗಿರುವುದರಿಂದ ಪ್ರತಿ ಹೊಲಿಗೆಯ ತೂತಿನಲ್ಲೂ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ.

ಎರಡನೆಯದು ಹೆಪ್ಪುಗಟ್ಟುವ ಶಕ್ತಿಯ ನಷ್ಟ. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವಾಗ ರಕ್ತವು ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳ ಮೂಲಕ ಹರಿಯಬೇಕು. ಅಲ್ಲಿ ಅದು ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ 300ರಿಂದ 400 ಯೂನಿಟ್‌ನಷ್ಟು, ಕೊಡಲಾಗುತ್ತದೆ. ಯಂತ್ರದೊಳಗಿನ ದ್ರವ ಸೇರಿ ರಕ್ತ ತೆಳುವಾಗುತ್ತದೆ. ಕೃತಕ ಮೇಲ್ಮೈಗಳಿಗೆ ತಾಗಿ ಪ್ಲೇಟ್‌ಲೆಟ್‌ಗಳು ಸೊರಗುತ್ತವೆ, ಫೈಬ್ರಿನೊಜನ್ ಇಳಿಯುತ್ತದೆ, ಆಗತಾನೇ ಮೂಡಿದ ಹೆಪ್ಪನ್ನು ಕರಗಿಸುವ ಕ್ರಿಯೆ ಚುರುಕಾಗುತ್ತದೆ. ದೇಹವನ್ನು ತಂಪಾಗಿಸಿದ್ದರೆ ಇವೆಲ್ಲವೂ ಇನ್ನಷ್ಟು ಹದಗೆಡುತ್ತವೆ. ಯಂತ್ರದ ಮೇಲೆ ಕಳೆದ ಸಮಯ ಹೆಚ್ಚಿದಷ್ಟೂ ನಷ್ಟ ಹೆಚ್ಚು.

ಈ ಎರಡು ಮೂಲಗಳೂ ಒಂದನ್ನೊಂದು ಪೋಷಿಸುತ್ತವೆ. ಹೊಲಿಗೆ ಸೋರಿದರೆ ಅದನ್ನು ಸರಿಪಡಿಸಲು ಮತ್ತೆ ಯಂತ್ರದ ಆಸರೆ ಬೇಕು. ಯಂತ್ರದ ಮೇಲಿನ ಸಮಯ ಬೆಳೆದರೆ ರಕ್ತ ಇನ್ನಷ್ಟು ತೆಳುವಾಗಿ, ಮೊದಲು ಸೋರದಿದ್ದ ತೂತುಗಳೂ ಸೋರತೊಡಗುತ್ತವೆ. ಆದ್ದರಿಂದಲೇ ಮೊದಲ ಸಲವೇ ಬಿಗಿಯಾಗಿ ಹೊಲಿಯುವುದಕ್ಕೆ ಸಮನಾದ ಔಷಧವಿಲ್ಲ ಎಂಬುದು ಹೃದಯ ಶಸ್ತ್ರಚಿಕಿತ್ಸಕರಲ್ಲಿ ಒಪ್ಪಿತವಾದ ಮಾತು.

ಬೆಂಟಾಲ್ ವಿಧಾನ ಮತ್ತು ಹೊದಿಕೆಯ ಉಪಾಯ

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಹ್ಯೂ ಬೆಂಟಾಲ್ ಮತ್ತು ಆಂಟನಿ ಡಿ ಬೊನೊ 1968ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಸ್ಟಾರ್ ಕವಾಟವೊಂದನ್ನು ಟೆಫ್ಲಾನ್ ನಾಳದ ತುದಿಗೆ ಹೊಲಿದು, ಎರಡನ್ನೂ ಒಂದೇ ಘಟಕವಾಗಿ ಉಂಗುರಕ್ಕೆ ಜೋಡಿಸಿದ್ದು ಅವರ ಹೊಸತನ. ಕರೊನರಿ ಬಾಯಿಗಳನ್ನು ಅವು ಇದ್ದಲ್ಲಿಂದ ಬಿಡಿಸಲಿಲ್ಲ. ನಾಳದ ಪಕ್ಕದಲ್ಲಿ ತೂತು ಮಾಡಿ, ಆ ತೂತಿನ ಅಂಚನ್ನು ಬಾಯಿಯ ಸುತ್ತಲಿನ ಗೋಡೆಗೆ ಹೊಲಿದರು. ಕೊನೆಗೆ ಉಬ್ಬಿದ ಹಳೆಯ ಗೋಡೆಯನ್ನು ಎಸೆಯದೆ ಹೊಸ ನಾಳದ ಮೇಲೆ ಹೊದಿಸಿ ಮುಚ್ಚಿದರು.

ಈ ಹೊದಿಕೆ ರಕ್ತಸ್ರಾವ ತಡೆಯ ಉಪಾಯವೇ ಆಗಿತ್ತು. ಅಂದಿನ ನೇಯ್ದ ನಾಳಗಳು ರಕ್ತವನ್ನು ಸೋಸುತ್ತಿದ್ದವು. ಹೊಸ ಮಣ್ಣಿನ ಮಡಕೆಯಲ್ಲಿ ಗಂಜಿ ಕಾಯಿಸಿ ಅದರ ರಂಧ್ರಗಳನ್ನು ಮುಚ್ಚುವಂತೆ, ನಾಳವನ್ನು ಬಳಸುವ ಮೊದಲು ರೋಗಿಯ ರಕ್ತದಲ್ಲಿ ಅದ್ದಿ, ಹೆಪ್ಪಾಗಿಸಿ ಎಳೆಗಳ ನಡುವಿನ ಸಂದುಗಳನ್ನು ಮುಚ್ಚಬೇಕಾಗುತ್ತಿತ್ತು. ಹೆಪಾರಿನ್ ಕೊಟ್ಟ ಮೇಲೆ ತೆಗೆದ ರಕ್ತ ಇದಕ್ಕೆ ಒದಗದು. ಹಾಗಾಗಿ ಮೊದಲೇ ತೆಗೆದಿಡಬೇಕಿತ್ತು. ಮುಂದೆ ನಾಳವನ್ನು ಆಲ್ಬುಮಿನ್ ಅಥವಾ ಪ್ಲಾಸ್ಮಾದಲ್ಲಿ ನೆನೆಸಿ, ಒತ್ತಡದ ಹಬೆಯಲ್ಲಿ ಬೇಯಿಸುವ ಪದ್ಧತಿಯೂ ಬಂತು. ಇಷ್ಟಾದರೂ ಉಳಿಯುತ್ತಿದ್ದ ಸೋರಿಕೆಯನ್ನು ಹೊರಗಿನ ಹೊದಿಕೆ ಹಿಡಿದಿಟ್ಟು, ಒತ್ತಡದಿಂದ ತಾನೇ ನಿಲ್ಲುವಂತೆ ಮಾಡಬೇಕಿತ್ತು.

ಹಲವು ರೋಗಿಗಳಲ್ಲಿ ಅದು ನಿಂತಿತು ಕೂಡ. ಆದರೆ ನಾಳಕ್ಕೂ ಹೊದಿಕೆಗೂ ನಡುವೆ ಸಿಕ್ಕಿಬಿದ್ದ ರಕ್ತ ಕೆಲವರಲ್ಲಿ ಬೇರೆಯೇ ಕೇಡು ತಂದಿತು. ಅದು ನಾಳವನ್ನು ಹೊರಗಿನಿಂದ ಒತ್ತಿ, ಗೋಡೆಯನ್ನು ನಾಳದಿಂದ ದೂರಕ್ಕೆ ತಳ್ಳಿತು. ಆಗ ಎಳೆತ ಬೀಳುವುದು ಕರೊನರಿ ಬಾಯಿಗಳ ಹೊಲಿಗೆಯ ಮೇಲೆ. ಅಲ್ಲಿ ದಾರ ಹರಿದು, ತಿಂಗಳುಗಳು ಅಥವಾ ವರ್ಷಗಳ ನಂತರ ಹುಸಿ ಉಬ್ಬುಗಳು ಕಾಣಿಸಿಕೊಳ್ಳುತ್ತಿದ್ದವು. ಹೀಗೆ ರಕ್ತ ನಿಲ್ಲಿಸಲು ಹೂಡಿದ ಉಪಾಯವೇ ಮುಂದಿನ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತಿತ್ತು.

ಕ್ಯಾಬ್ರೊಲ್ ತಂದ ಎರಡು ಪರಿಹಾರಗಳು

ಪ್ಯಾರಿಸ್ಸಿನ ಕ್ರಿಸ್ಟಿಯನ್ ಕ್ಯಾಬ್ರೊಲ್ (1925–2017) ಯುರೋಪಿನ ಮೊದಲ ಹೃದಯ ಕಸಿಯನ್ನು 1968ರಲ್ಲಿ ನಡೆಸಿದ ಶಸ್ತ್ರವೈದ್ಯ. ಅವರ ಹೆಸರಿನ ಎರಡು ವಿಧಾನಗಳು ಈ ವಿಷಯದಲ್ಲಿ ಬಳಕೆಯಲ್ಲಿವೆ. ವಿದ್ಯಾರ್ಥಿಗಳು ಇವೆರಡನ್ನೂ ಒಂದೆಂದು ತಿಳಿಯುವುದು ಅಪರೂಪವಲ್ಲ.

ಮೊದಲನೆಯದು ಕ್ಯಾಬ್ರೊಲ್ ಕರೊನರಿ ನಾಳ. ಎರಡು ಕರೊನರಿ ಬಾಯಿಗಳನ್ನು ಹೊಸ ನಾಳಕ್ಕೆ ನೇರವಾಗಿ ಎಳೆದು ಹೊಲಿಯುವ ಬದಲು, ಸುಮಾರು 8ರಿಂದ 10 ಮಿ.ಮೀ. ವ್ಯಾಸದ ಇನ್ನೊಂದು ಕೃತಕ ನಾಳದ ಎರಡು ತುದಿಗಳನ್ನು ಎರಡು ಬಾಯಿಗಳಿಗೆ ಹೊಲಿದು, ಅದರ ನಡುಭಾಗವನ್ನು ದೊಡ್ಡ ನಾಳದ ಪಕ್ಕಕ್ಕೆ ಜೋಡಿಸಲಾಗುತ್ತದೆ. ಎಳೆತವಿಲ್ಲದ ಕಡೆ ಹರಿಯುವುದಿಲ್ಲ ಎಂಬುದು ಇದರ ತರ್ಕ. ಆದರೆ ಈ ಸಣ್ಣ ನಾಳ ಮಡಚಿಕೊಳ್ಳುವ ಅಥವಾ ಹೆಪ್ಪುಗಟ್ಟಿ ಮುಚ್ಚಿಹೋಗುವ ಸಾಧ್ಯತೆಯಿದೆ. ಹಾಗಾಗಿ ಬೇರೆ ದಾರಿಯಿಲ್ಲದಾಗ, ಮುಖ್ಯವಾಗಿ ಮರುಶಸ್ತ್ರಚಿಕಿತ್ಸೆಗಳಲ್ಲಿ, ಇದನ್ನು ಆಶ್ರಯಿಸಲಾಗುತ್ತದೆ.

ಎರಡನೆಯದು ಕ್ಯಾಬ್ರೊಲ್ ಶಂಟ್. ಇಲ್ಲಿ ಸೋರಿಕೆಯೊಡನೆ ಸೆಣಸುವ ಬದಲು ಅದಕ್ಕೆ ದಾರಿ ಮಾಡಿಕೊಡಲಾಗುತ್ತದೆ. ನಾಳದ ಸುತ್ತಲಿನ ಜಾಗವನ್ನು ಹಳೆಯ ಗೋಡೆಯಿಂದಲೋ ಹೃದಯದ ಹೊರಪೊರೆಯ ತುಂಡಿನಿಂದಲೋ ಪೂರ್ತಿಯಾಗಿ ಮುಚ್ಚಿ, ಆ ಮುಚ್ಚಿದ ಜಾಗಕ್ಕೂ ಬಲ ಹೃತ್ಕರ್ಣಕ್ಕೂ ಒಂದು ಕಿಂಡಿ ಕೊರೆಯಲಾಗುತ್ತದೆ. ಬಲ ಹೃತ್ಕರ್ಣದ ಒತ್ತಡ ಪಾದರಸದ ಕೆಲವೇ ಮಿಲಿಮೀಟರ್‌ನಷ್ಟು. ಸೋರಿದ ರಕ್ತ ಅಲ್ಲಿಗೆ ಹರಿದು ದೇಹದ ಪರಿಚಲನೆಗೇ ಹಿಂದಿರುಗುತ್ತದೆ. ಹೊಲಿಗೆಯ ಸುತ್ತ ಒತ್ತಡ ಬೆಳೆಯುವುದಿಲ್ಲ, ಹೊರಗೆ ರಕ್ತ ನಷ್ಟವಾಗುವುದೂ ಇಲ್ಲ. ಹೆಪಾರಿನ್‌ನ ಪರಿಣಾಮ ಹೋಗಿ ರಕ್ತ ತನ್ನ ಶಕ್ತಿ ಪಡೆದ ಮೇಲೆ ಸೋರಿಕೆ ನಿಂತು, ಕಿಂಡಿಯೂ ಸಾಮಾನ್ಯವಾಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಹೃದಯಕ್ಕೆ ಹೆಚ್ಚಿನ ಹೊರೆಯಾಗಿ, ಮುಂದೆ ಅದನ್ನು ಬೇರೆಯಾಗಿ ಮುಚ್ಚಬೇಕಾಗಬಹುದು. ಇಂದು ಇದನ್ನು ವಾಡಿಕೆಯಾಗಿ ಮಾಡುವುದಿಲ್ಲ. ಉಳಿದೆಲ್ಲ ಪ್ರಯತ್ನಗಳೂ ಸೋತಾಗ ರೋಗಿಯನ್ನು ಮೇಜಿನ ಮೇಲಿಂದ ಜೀವಂತವಾಗಿ ಕೆಳಗಿಳಿಸುವ ಉಪಾಯವಾಗಿ ಇದು ಉಳಿದುಕೊಂಡಿದೆ.

ಗುಂಡಿ ವಿಧಾನ

ಈಗ ಹೆಚ್ಚು ಬಳಕೆಯಲ್ಲಿರುವುದು ಗುಂಡಿ ವಿಧಾನ. ಇದನ್ನು ಅಮೆರಿಕದ ನಿಕೊಲಸ್ ಕೂಚುಕಸ್ ಮೊದಲಾದವರು ಬೆಳೆಸಿದರು. ಉಬ್ಬಿದ ಗೋಡೆಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯಲಾಗುತ್ತದೆ. ಕರೊನರಿ ಬಾಯಿಗಳನ್ನು ಮಾತ್ರ, ಸುತ್ತಲೂ ಕೆಲವು ಮಿಲಿಮೀಟರ್ ಗೋಡೆಯನ್ನು ಉಳಿಸಿಕೊಂಡು, ಅಂಗಿಯ ಗುಂಡಿಯ ಆಕಾರದಲ್ಲಿ ಬಿಡಿಸಿಕೊಂಡು ಹೊಸ ನಾಳದ ತೂತುಗಳಿಗೆ ಹೊಲಿಯಲಾಗುತ್ತದೆ. ಹೊದಿಕೆ ಇಲ್ಲದ ಕಾರಣ ಸೋರಿಕೆ ಇದ್ದರೆ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಸರಿಪಡಿಸಬಹುದು. ಹೊದಿಕೆಯ ಆಸರೆಯಿಲ್ಲದ ಈ ವಿಧಾನ ವ್ಯಾಪಕವಾಗಲು ಒಂದು ಕಾರಣ, 1980ರ ದಶಕದಲ್ಲಿ ಬಂದ ಕೊಲಾಜನ್ ಅಥವಾ ಜಿಲೆಟಿನ್ ಲೇಪಿತ ಡೇಕ್ರಾನ್ ನಾಳಗಳು. ಈ ನಾಳಗಳ ಬಟ್ಟೆ ರಕ್ತವನ್ನು ಸೋಸುವುದಿಲ್ಲ. ಲೇಪವು ವಾರಗಳಲ್ಲಿ ಕರಗುತ್ತದೆ, ಅಷ್ಟರಲ್ಲಿ ದೇಹದ ಅಂಗಾಂಶವೇ ಆ ಸಂದುಗಳನ್ನು ತುಂಬುತ್ತದೆ.

ಹೊಲಿಗೆಯ ವಿವರಗಳು

ಕೆಳಗಿನ ಸಾಲು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಮತ್ತೆ ನೋಡಲು ಸಿಗದಿರುವುದು ಅದೇ. ಉಂಗುರದ ಸುತ್ತ 2-0 ಅಳತೆಯ ಪಾಲಿಯೆಸ್ಟರ್ ದಾರದಿಂದ ಹೊಲಿಗೆಗಳನ್ನು ಒಂದಕ್ಕೊಂದು ಸಂದಿಲ್ಲದಂತೆ ಹಾಕಲಾಗುತ್ತದೆ. ದಾರವು ಮೆತ್ತಗಿನ ಅಂಗಾಂಶವನ್ನು ಕೊಯ್ಯದಂತೆ ಪ್ರತಿ ಹೊಲಿಗೆಯ ಕೆಳಗೂ ಟೆಫ್ಲಾನ್ ಫೆಲ್ಟ್‌ನ ಚಿಕ್ಕ ತುಂಡನ್ನು ಒತ್ತಾಗಿ ಇಡುವುದು ಸಾಮಾನ್ಯ. ಬಲ ಕುಹರಕ್ಕೂ ಕವಲಿಲ್ಲದ ಕುಹರಕ್ಕೂ ನಡುವಿನ ಜಾಗದಲ್ಲಿ ಸೂಜಿ ಆಳಕ್ಕಿಳಿಯಬಾರದು: ಅಲ್ಲಿ ಹೃದಯದ ಮಿಡಿತವನ್ನು ಸಾಗಿಸುವ ತಂತು ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ರೋಗಿಗೆ ಕಾಯಂ ಪೇಸ್‌ಮೇಕರ್ ಬೇಕಾಗಬಹುದು. ರಕ್ತ ನಿಲ್ಲಲು ಹೊಲಿಗೆ ಆಳವಾಗಿರಬೇಕು, ಮಿಡಿತ ಉಳಿಯಲು ಆಳವಾಗಿರಬಾರದು ಎಂಬ ಈ ಇಕ್ಕಟ್ಟನ್ನು ಶಸ್ತ್ರವೈದ್ಯರು ಆ ಕೆಲವು ಮಿಲಿಮೀಟರ್‌ಗಳಲ್ಲೇ ಬಗೆಹರಿಸಿಕೊಳ್ಳಬೇಕು.

ಅನೇಕರು ಈ ಒಂದು ಸಾಲಿಗೇ ತೃಪ್ತರಾಗುವುದಿಲ್ಲ. ಹಳೆಯ ಗೋಡೆಯನ್ನು ಉಂಗುರದವರೆಗೆ ಪೂರ್ತಿ ಕತ್ತರಿಸದೆ ಕೆಲವು ಮಿಲಿಮೀಟರ್ ಅಂಚು ಉಳಿಸಿಕೊಂಡು, ಕವಾಟ ಕೂತ ಮೇಲೆ ಆ ಅಂಚನ್ನು ಕವಾಟದ ಹೊಲಿಗೆ ಪಟ್ಟಿಗೋ ನಾಳಕ್ಕೋ ಸೇರಿಸಿ ಪಾಲಿಪ್ರೊಪಿಲೀನ್ ದಾರದಿಂದ ಸುತ್ತಲೂ ಎರಡನೆಯ ಸಾಲು ಹೊಲಿಯುತ್ತಾರೆ. ಕೌದಿಯ ಅಂಚನ್ನು ಒಮ್ಮೆ ಹೊಲಿದು, ಮಡಚಿ ಇನ್ನೊಮ್ಮೆ ಹೊಲಿಯುವವರಿಗೆ ಇದರ ಪ್ರಯೋಜನ ಬೇಗ ತಿಳಿಯುತ್ತದೆ. ಒಳಸಾಲಿನಿಂದ ಸೋರಿದ ರಕ್ತಕ್ಕೆ ಹೊರಸಾಲಿನ ತಡೆ ಇರುತ್ತದೆ. ಕವಾಟದ ಕೆಳಗೆ ನಾಳದ ಬಟ್ಟೆಯನ್ನು ಸ್ವಲ್ಪ ಲಂಗದಂತೆ ಇಳಿಬಿಟ್ಟು, ಆ ಬಟ್ಟೆಯನ್ನೇ ಉಂಗುರಕ್ಕೆ ಹೊಲಿಯುವ ಬದಲಿ ವಿಧಾನವೂ ಇದೆ. ಗಟ್ಟಿಯಾದ ಕವಾಟದ ಪಟ್ಟಿಗಿಂತ ಮೃದುವಾದ ಬಟ್ಟೆ ಏರುಪೇರಾದ ಉಂಗುರಕ್ಕೆ ಚೆನ್ನಾಗಿ ಹೊಂದಿ ಕೂರುತ್ತದೆ.

ಕರೊನರಿ ಗುಂಡಿಗಳಿಗೆ ನಾಳದಲ್ಲಿ ತೂತು ಮಾಡುವಾಗ ಕತ್ತರಿಯ ಬದಲು ಬಿಸಿ ತಂತಿ ಬಳಸಲಾಗುತ್ತದೆ. ಶಾಖಕ್ಕೆ ಡೇಕ್ರಾನ್ ಕರಗಿ ಅಂಚಿನ ಎಳೆ ಬಿಚ್ಚಿಕೊಳ್ಳುವುದಿಲ್ಲ. ಗುಂಡಿಗಳನ್ನು 5-0 ಅಥವಾ ಅದಕ್ಕಿಂತ ತೆಳುವಾದ ದಾರದಿಂದ ಹೊಲಿಯಲಾಗುತ್ತದೆ. ಗುಂಡಿಯ ಗೋಡೆ ದುರ್ಬಲವಾಗಿದ್ದರೆ, ಮಾರ್ಫಾನ್ ರೋಗಿಗಳಲ್ಲಿರುವಂತೆ, ಫೆಲ್ಟ್‌ನ ಅಥವಾ ಹೃದಯದ ಹೊರಪೊರೆಯ ಪುಟ್ಟ ಬಳೆಯೊಂದನ್ನು ಹೊರಗಡೆ ಇಟ್ಟು ಅದನ್ನೂ ಸೇರಿಸಿ ಹೊಲಿಯುವುದುಂಟು. ಎಡ ಗುಂಡಿಯನ್ನು ಸಾಮಾನ್ಯವಾಗಿ ಮೊದಲು ಹೊಲಿಯಲಾಗುತ್ತದೆ, ಏಕೆಂದರೆ ಹಿಂಬದಿಗೆ ಹೋಗುವ ಅದರ ಹೊಲಿಗೆ ಮುಂದೆ ಕೈಗೆ ಎಟುಕುವುದಿಲ್ಲ. ಬಲ ಗುಂಡಿಯ ತೂತನ್ನು ಕೊರೆಯುವ ಮೊದಲು ಹೃದಯವನ್ನು ಸ್ವಲ್ಪ ತುಂಬಿಸಿ ಅದು ನಿಜವಾಗಿ ಎಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳುವವರಿದ್ದಾರೆ. ಖಾಲಿ ಹೃದಯದಲ್ಲಿ ಸರಿಯೆನಿಸಿದ ಜಾಗ ತುಂಬಿದ ಹೃದಯದಲ್ಲಿ ತಪ್ಪಾಗಿ, ಎಳೆತಕ್ಕೆ ಕಾರಣವಾಗಬಹುದು.

ಮೇಲಿನ ಸಾಲು ಮುಂದೆ, ಕಣ್ಣೆದುರಿಗೆ ಇರುವುದರಿಂದ ಅಷ್ಟು ಕಷ್ಟದ್ದಲ್ಲ. ಪದರ ಸೀಳಿದ್ದಲ್ಲಿ ಮಾತ್ರ ಒಳಗೊಂದು ಹೊರಗೊಂದು ಫೆಲ್ಟ್ ಪಟ್ಟಿ ಇಟ್ಟು, ನಡುವೆ ಸೀಳಿದ ಪದರಗಳನ್ನು ಒತ್ತಿ ಹಿಡಿದು ಹೊಲಿಯಬೇಕಾಗುತ್ತದೆ. ಸೋಂಕು ಇದ್ದಲ್ಲಿ ಫೆಲ್ಟ್‌ನಂತಹ ಕೃತಕ ವಸ್ತುಗಳನ್ನು ಆದಷ್ಟು ಕಡಿಮೆ ಬಳಸಲಾಗುತ್ತದೆ.

ಮುಚ್ಚುವ ಮೊದಲಿನ ಪರೀಕ್ಷೆ

ಕೆಳಗಿನ ಸಾಲು ಮತ್ತು ಗುಂಡಿಗಳು ಮುಗಿದ ನಂತರ, ಮೇಲಿನ ತುದಿಯನ್ನು ಜೋಡಿಸುವ ಮೊದಲು, ನಾಳದ ಬಾಯಿಯನ್ನು ಇಕ್ಕುಳದಿಂದ ಮುಚ್ಚಿ ಒಳಗೆ ಹೃದಯಸ್ತಂಭಕ ದ್ರವವನ್ನು ಒತ್ತಡದಿಂದ ತುಂಬಿಸಲಾಗುತ್ತದೆ. ಬುಡ ಬಿಗಿದುಕೊಂಡಾಗ ಗುಂಡಿಗಳ ಹೊಲಿಗೆಯಲ್ಲೂ ನಾಳದ ಸುತ್ತಲೂ ಎಲ್ಲಿ ಜಿನುಗುತ್ತದೆ ಎಂಬುದು ಕಾಣುತ್ತದೆ. ಹೃದಯ ಇನ್ನೂ ನಿಂತಿರುವುದರಿಂದ ನಾಳವನ್ನು ಆ ಕಡೆ ಈ ಕಡೆ ವಾಲಿಸಿ ಹಿಂಬದಿಗೆ ಇನ್ನೊಂದು ಹೊಲಿಗೆ ಹಾಕಲು ಇದೇ ಸಮಯ. ಆದರೆ ಒಂದು ಮಿತಿಯನ್ನು ಮರೆಯಬಾರದು. ಕವಾಟ ಮುಚ್ಚಿಕೊಂಡಿರುವುದರಿಂದ ಅದರ ಕೆಳಗಿನ ಹೊಲಿಗೆಗೆ ಈ ಪರೀಕ್ಷೆಯಲ್ಲಿ ಪೂರ್ತಿ ಒತ್ತಡ ಬೀಳುವುದಿಲ್ಲ. ಆ ಸಾಲಿನ ನಿಜವಾದ ಪರೀಕ್ಷೆ ನಡೆಯುವುದು ಎಡ ಹೃತ್ಕುಕ್ಷಿ ತಾನೇ ಸಂಕುಚಿಸಿದಾಗ.

ಕವಾಟ ಉಳಿಸುವ ವಿಧಾನಗಳು

ರೋಗಿಯ ಕವಾಟದ ದಳಗಳು ಚೆನ್ನಾಗಿದ್ದರೆ ಅವನ್ನು ಉಳಿಸಿಕೊಂಡು ಗೋಡೆಯನ್ನು ಮಾತ್ರ ಬದಲಿಸಬಹುದು. ಮ್ಯಾಗ್ಡಿ ಯಾಕೂಬ್ ಅವರ ವಿಧಾನದಲ್ಲಿ ನಾಳದ ಅಂಚನ್ನು ಮೂರು ನಾಲಗೆಗಳಾಗಿ ಕತ್ತರಿಸಿ ಉಳಿದ ಗೋಡೆಯ ಅಂಚಿಗೆ ಹೊಲಿಯಲಾಗುತ್ತದೆ. ಟೊರೊಂಟೊದ ಟಿರೋನ್ ಡೇವಿಡ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಡೀ ಕವಾಟವನ್ನು ನಾಳದ ಒಳಗೆ ಇಳಿಸಿ ಹೊಲಿಯಲಾಗುತ್ತದೆ. ರಕ್ತಸ್ರಾವದ ದೃಷ್ಟಿಯಿಂದ ನೋಡಿದರೆ ಎರಡನೆಯದಕ್ಕೆ ಅನುಕೂಲ ಹೆಚ್ಚು: ಹೊಲಿಗೆಯ ಮುಖ್ಯ ಸಾಲು ನಾಳದ ಒಳಗೇ ಇದ್ದು, ಹೊರಗಿನ ನಾಳವು ಅದಕ್ಕೆ ಕವಚವಾಗುತ್ತದೆ. ಯಾಕೂಬ್ ವಿಧಾನದಲ್ಲಿ ಉದ್ದವಾದ ಸಾಲು ನೇರವಾಗಿ ಹೊರಕ್ಕೆ ತೆರೆದುಕೊಂಡಿರುತ್ತದೆ. ಕವಾಟ ಉಳಿದರೆ ಲೋಹದ ಕವಾಟದವರಂತೆ ಜೀವನಪರ್ಯಂತ ವಾರ್ಫರಿನ್ ಸೇವಿಸಬೇಕಾದ ಅಗತ್ಯವೂ, ಅದರಿಂದ ಮುಂದೆ ಬರಬಹುದಾದ ರಕ್ತಸ್ರಾವದ ಭಯವೂ ಇರುವುದಿಲ್ಲ.

ಔಷಧ, ರಕ್ತ ಮತ್ತು ಅಂಟುಗಳು

ಯಂತ್ರದಿಂದ ಬಿಡಿಸಿದ ಮೇಲೆ ಹೆಪಾರಿನ್‌ನ ಪರಿಣಾಮವನ್ನು ಪ್ರೊಟಮಿನ್ ಕೊಟ್ಟು ತೊಡೆಯಲಾಗುತ್ತದೆ. ದೇಹವನ್ನು ಮೊದಲೇ ಸಹಜ ಉಷ್ಣತೆಗೆ ತಂದಿರಬೇಕು, ಏಕೆಂದರೆ ತಣ್ಣಗಿರುವ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಹೆಪ್ಪು ಕರಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಆರಂಭದಿಂದಲೇ ಕೊಡುವುದು ವಾಡಿಕೆ. ಇದೇ ಕೆಲಸಕ್ಕೆ ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಅಪ್ರೊಟಿನಿನ್‌ನಿಂದ ಸಾವಿನ ಅಪಾಯ ಹೆಚ್ಚುವ ಶಂಕೆ ಮೂಡಿ 2007ರಲ್ಲಿ ಅದರ ಮಾರಾಟ ಸ್ಥಗಿತಗೊಂಡಿತು. ನಂತರ ಕೆಲವು ದೇಶಗಳಲ್ಲಿ ಮಿತವಾದ ಬಳಕೆಗೆ ಮರಳಿ ಅನುಮತಿ ದೊರೆಯಿತು.

ಯಾವ ಅಂಶದ ಕೊರತೆಯಿದೆ ಎಂದು ತಿಳಿಯದೆ ರಕ್ತದ ಚೀಲಗಳನ್ನು ಒಂದರ ಮೇಲೊಂದು ಏರಿಸುವುದು ಹಳೆಯ ಪದ್ಧತಿ. ಈಗ ಥ್ರಾಂಬೊಎಲಾಸ್ಟೊಗ್ರಫಿ ಎಂಬ ಪರೀಕ್ಷೆಯಿಂದ ಹೆಪ್ಪು ಎಷ್ಟು ಬೇಗ ಮೂಡುತ್ತದೆ, ಎಷ್ಟು ಗಟ್ಟಿಯಾಗುತ್ತದೆ, ಎಷ್ಟು ಬೇಗ ಕರಗುತ್ತದೆ ಎಂಬುದನ್ನು ರೇಖೆಯಾಗಿ ನೋಡಬಹುದು. ಅದರಂತೆ ಪ್ಲೇಟ್‌ಲೆಟ್, ಪ್ಲಾಸ್ಮಾ ಅಥವಾ ಫೈಬ್ರಿನೊಜನ್ ಕೊಡಲಾಗುತ್ತದೆ. ಎದೆಯೊಳಗೆ ಸೋರಿದ ರಕ್ತವನ್ನು ಹೀರಿ, ತೊಳೆದು ಕೆಂಪುಕಣಗಳನ್ನು ರೋಗಿಗೇ ಮರಳಿಸುವ ಯಂತ್ರವೂ ಬಳಕೆಯಲ್ಲಿದೆ. ಅದು ಪ್ಲೇಟ್‌ಲೆಟ್‌ಗಳನ್ನಾಗಲಿ ಹೆಪ್ಪುಗಟ್ಟಿಸುವ ಅಂಶಗಳನ್ನಾಗಲಿ ಮರಳಿಸುವುದಿಲ್ಲ. ದಾನಿಗಳಿಂದ ಪಡೆದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಇಡಲಾಗದು. ಆದ್ದರಿಂದ ಇಂತಹ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಭಾರತದ ಹಲವು ಆಸ್ಪತ್ರೆಗಳು ಬದಲಿ ರಕ್ತದಾನಿಗಳನ್ನು ಕರೆತರುವಂತೆ ರೋಗಿಯ ಬಂಧುಗಳಿಗೆ ತಿಳಿಸುತ್ತವೆ. ಕ್ಲೊಪಿಡೊಗ್ರೆಲ್‌ನಂತಹ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ತಾವಾಗಿ ನಿಲ್ಲಿಸುವುದೂ ಅಪಾಯಕರ.

ಹೊಲಿಗೆಯ ಮೇಲೆ ಲೇಪಿಸುವ ಫೈಬ್ರಿನ್ ಅಂಟು, ಆಲ್ಬುಮಿನ್ ಮತ್ತು ಗ್ಲುಟರಾಲ್ಡಿಹೈಡ್ ಸೇರಿದ ಅಂಟು, ರಕ್ತ ಹೀರುವ ಸೆಲ್ಯುಲೋಸ್ ಬಟ್ಟೆ ಮೊದಲಾದವು ಸೂಜಿಯ ತೂತಿನ ಜಿನುಗನ್ನು ನಿಲ್ಲಿಸಬಲ್ಲವು. ಚಿಮ್ಮುವ ರಕ್ತವನ್ನು ಇವು ತಡೆಯಲಾರವು. ಒದ್ದೆ ಜಾಗಕ್ಕೆ ಅಂಟು ಹಿಡಿಯುವುದೂ ಇಲ್ಲ. ಗ್ಲುಟರಾಲ್ಡಿಹೈಡ್ ಇರುವ ಅಂಟು ಅತಿಯಾದರೆ ಸುತ್ತಲಿನ ಅಂಗಾಂಶವನ್ನು ಕೆಡಿಸಬಹುದು ಅಥವಾ ಹೊಲಿಗೆಯ ಸಂದಿಯಿಂದ ಒಳಹೋಗಿ ರಕ್ತನಾಳವನ್ನು ಮುಚ್ಚಬಹುದು. ಅಂಟು ಹೊಲಿಗೆಗೆ ನೆರವಾಗಬಹುದೇ ಹೊರತು ಅದರ ಸ್ಥಾನ ತುಂಬದು.

ಶಸ್ತ್ರಚಿಕಿತ್ಸೆಯ ನಂತರ

ಎದೆ ಮುಚ್ಚಿದ ಮೇಲೆ ಕೊಳವೆಗಳ ಮೂಲಕ ಹೊರಬರುವ ರಕ್ತವನ್ನು ಗಂಟೆಗೊಮ್ಮೆ ಅಳೆಯಲಾಗುತ್ತದೆ. ಹೊಲಿಗೆಗಳ ಮೇಲೆ ಭಾರ ಬೀಳದಂತೆ ರಕ್ತದೊತ್ತಡವನ್ನು ಹಿಡಿತದಲ್ಲಿಡಲಾಗುತ್ತದೆ. ಮೊದಲ ಗಂಟೆಯಲ್ಲೇ ಸುಮಾರು 500 ಮಿ.ಲೀ. ಅಥವಾ ಮೊದಲ ನಾಲ್ಕು ಗಂಟೆಗಳಲ್ಲಿ ಒಟ್ಟು 1000 ಮಿ.ಲೀ. ಮೀರಿದರೆ ಎದೆಯನ್ನು ಮತ್ತೆ ತೆರೆದು ನೋಡಬೇಕೆಂಬುದು ಪ್ರಚಲಿತ ಮಾನದಂಡಗಳಲ್ಲೊಂದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಕೊಳವೆಯಿಂದ ಬರುತ್ತಿದ್ದ ರಕ್ತ ಇದ್ದಕ್ಕಿದ್ದಂತೆ ನಿಂತರೆ ಅದು ಸದಾ ಶುಭಸೂಚನೆಯಲ್ಲ. ಕೊಳವೆ ಹೆಪ್ಪಿನಿಂದ ಮುಚ್ಚಿಹೋಗಿ, ರಕ್ತ ಒಳಗೇ ತುಂಬಿ ಹೃದಯವನ್ನು ಅದುಮುತ್ತಿರಬಹುದು. ರಕ್ತದೊತ್ತಡ ಕುಸಿದು ಕತ್ತಿನ ಅಭಿಧಮನಿಯ ಒತ್ತಡ ಏರುವುದು ಇದರ ಲಕ್ಷಣ. ಆಗ ತಡಮಾಡದೆ ಎದೆ ತೆರೆಯಬೇಕು.

ಎಲ್ಲ ಹೊಲಿಗೆಗಳೂ ಬಿಗಿಯಾಗಿದ್ದು, ರಕ್ತ ಮಾತ್ರ ಎಲ್ಲೆಡೆಯಿಂದ ಜಿನುಗುತ್ತಿದ್ದರೆ ಬಟ್ಟೆಯ ಒತ್ತುಗಳನ್ನು ತುಂಬಿ, ಎದೆಮೂಳೆಯನ್ನು ಜೋಡಿಸದೆ ಮೇಲಷ್ಟೇ ಮುಚ್ಚಿ ರೋಗಿಯನ್ನು ತೀವ್ರ ನಿಗಾ ಘಟಕಕ್ಕೆ ಒಯ್ಯುವುದುಂಟು. ಒಂದೆರಡು ದಿನಗಳಲ್ಲಿ ರಕ್ತ ತನ್ನ ಶಕ್ತಿ ಮರಳಿ ಪಡೆದ ನಂತರ ಒತ್ತುಗಳನ್ನು ತೆಗೆದು ಮೂಳೆಯನ್ನು ತಂತಿಯಿಂದ ಬಿಗಿಯಲಾಗುತ್ತದೆ.